78% ಎಐ ಅಂತ ಟೂಲ್ ಹೇಳಿದರೆ ನಂಬಬೇಕಾ?

ಪ್ರಶ್ನೆ: ಇಂಗ್ಲಿಷ್‌ನಲ್ಲಿ ನಾನೇ ಬರೆದ ಪ್ರಾಜೆಕ್ಟ್ ರಿಪೋರ್ಟನ್ನು ಗೈಡ್ ಒಂದು ಡಿಟೆಕ್ಟರ್‌ಗೆ (ಬರಹ ಎಐದಾ ಅಂತ ಪತ್ತೆ ಮಾಡುವ ಟೂಲ್) ಹಾಕಿ ‘78% ಎಐ’ ಅಂದರು. ನಾನು ಬೇರೆ ಟೂಲ್‌ಗೆ ಹಾಕಿದರೆ 12% ಬಂತು. ಯಾವುದು ಸರಿ?

ಉತ್ತರ: ಎರಡನ್ನೂ ಸಾಕ್ಷಿ ಅಂತ ಹಿಡಿಯೋ ಹಾಗಿಲ್ಲ. ಕಾಪಿ ಹಿಡಿಯುವ ಟೂಲ್ ಆದರೆ ಮೂಲ ಎಲ್ಲಿದೆ ಅಂತ ತೋರಿಸುತ್ತದೆ, ಹೋಲಿಸಿ ನೋಡಬಹುದು. ಎಐ ಡಿಟೆಕ್ಟರ್ ಹತ್ತಿರ ತೋರಿಸೋಕೆ ಏನೂ ಇಲ್ಲ, ಅದು ಅಂದಾಜು ಹೇಳುತ್ತದೆ ಅಷ್ಟೇ.

ಅಂದಾಜು ಹೇಗೆ ಅಂದರೆ, ಮುಂದಿನ ಪದವನ್ನು ಸುಲಭವಾಗಿ ಊಹಿಸಬಹುದಾ, ವಾಕ್ಯಗಳೆಲ್ಲ ಒಂದೇ ಅಳತೆಯಲ್ಲಿವೆಯಾ ಅಂತ ಇಂಥ ಬಹಳಷ್ಟು ಟೂಲ್‌ಗಳು ನೋಡುತ್ತವೆ. ಹೌದಾದರೆ ಎಐ. ಆದರೆ ‘ಡೇಟಾ ಹೀಗೆ ಸಂಗ್ರಹಿಸಿದೆವು, ಹೀಗೆ ವಿಶ್ಲೇಷಿಸಿದೆವು’ ಅಂತ ಬರೆಯುವಾಗ ಯಾರು ಬರೆದರೂ ಹಾಗೇ ಇರುತ್ತದೆ, ಅಲ್ವಾ? 1787ರಲ್ಲಿ ಬರೆದ ಅಮೆರಿಕದ ಸಂವಿಧಾನವನ್ನೂ ಎಐ ಬರೆದದ್ದು ಅಂತ ಇಂಥ ಟೂಲ್ ಹೇಳಿದ್ದುಂಟು! ಚಾಟ್‌ಜಿಪಿಟಿಯಂಥ ಎಐಗಳ ಹಿಂದಿರುವ ಭಾಷಾ ಮಾಡೆಲ್‌ಗಳು ಅದನ್ನು ಎಷ್ಟೋ ಸಲ ಓದಿಯೇ ಕಲಿತಿರುವುದರಿಂದ ಅದರ ಪ್ರತಿ ಪದವೂ ಅವಕ್ಕೆ ಮೊದಲೇ ಗೊತ್ತು.

ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ ಕಷ್ಟ ಇನ್ನೂ ಜಾಸ್ತಿ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಅಂಥವರು ಬರೆದ 91 ಟೋಫೆಲ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಪ್ರಬಂಧಗಳನ್ನು 7 ಡಿಟೆಕ್ಟರ್‌ಗಳಿಗೆ ಕೊಟ್ಟರು. ಸರಾಸರಿ 61% ಪ್ರಬಂಧಗಳನ್ನು ಎಐ ಬರೆದದ್ದು ಅಂದವು. ಕಾರಣ, ಸರಳ ಪದ, ಸರಳ ವಾಕ್ಯ. ತಮಾಷೆ ಏನಂದರೆ, ಅವೇ ಪ್ರಬಂಧಗಳ ಪದಗಳನ್ನು ಚಾಟ್‌ಜಿಪಿಟಿ ಕೈಲಿ ತಿದ್ದಿಸಿದ ಮೇಲೆ ಅದು ಸುಮಾರು 12%ಕ್ಕೆ ಇಳಿಯಿತು. ಸ್ವಂತ ಬರೆದಾಗ ಸಿಕ್ಕಿಬಿದ್ದವರು ಎಐ ಮುಟ್ಟಿಸಿದ ಮೇಲೆ ಪಾರು!

ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕೂಡ 2023ರ ಜನವರಿಯಲ್ಲಿ ಒಂದು ಡಿಟೆಕ್ಟರ್ ಬಿಟ್ಟಿತ್ತು. ಅವರದೇ ಪರೀಕ್ಷೆಯಲ್ಲಿ ಅದು ಹಿಡಿದದ್ದು ಎಐ ಬರಹದ 26% ಮಾತ್ರ, ಮನುಷ್ಯರ ಬರಹದಲ್ಲಿ 9%ಅನ್ನು ಸುಮ್ನೆ ಎಐ ಅಂತ ಅನುಮಾನಿಸಿತು. ಜುಲೈಗೆ ಅಂಗಡಿ ಮುಚ್ಚಿದರು.

ಹಾಗಾಗಿ ಮೂರನೇ ಟೂಲ್ ಹುಡುಕುತ್ತಾ ಕೂರಬೇಡಿ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ವರ್ಷನ್ ಹಿಸ್ಟರಿ ತೆಗೆದು ತೋರಿಸಿ, ಯಾವ ಪ್ಯಾರಾ ಯಾವತ್ತು ಬಂತು, ಎಲ್ಲಿ ಅಳಿಸಿ ಮತ್ತೆ ಬರೆದಿರಿ ಅನ್ನುವುದೆಲ್ಲ ಅಲ್ಲಿರುತ್ತದೆ. ಹಳೇ ಡ್ರಾಫ್ಟ್, ಕೈಬರಹದ ನೋಟ್ಸ್ ಇದ್ದರೆ ಅವನ್ನೂ ಕೊಡಿ. ‘ಸರ್, ಯಾವ ಪುಟದಿಂದ ಬೇಕಾದರೂ ಪ್ರಶ್ನೆ ಕೇಳಿ’ ಅಂತ ನೀವೇ ಹೇಳಿ. ಬರಹವನ್ನು ತಾವೇ ತಿದ್ದಿ ಸ್ಕೋರ್ ಇಳಿಸುತ್ತೇವೆ ಅನ್ನುವ ‘ಹ್ಯೂಮನೈಸರ್’ ಟೂಲ್‌ಗಳ ತಂಟೆಗೆ ಮಾತ್ರ ಹೋಗಬೇಡಿ, ಆಮೇಲೆ ಇದನ್ನು ನಾನೇ ಬರೆದೆ ಅಂತ ಹೇಳೋಕೂ ಆಗುವುದಿಲ್ಲ.