ಬರ್ಲಿನ್‌ನ ಖಾಸಗಿ ಯೂನಿವರ್ಸಿಟಿಯೊಂದು ‘ಟಾಪ್’ ಅಂತ ಆನ್‌ಲೈನ್‌ನಲ್ಲಿ ಯಾರೋ ಹೇಳ್ತಿದ್ದಾರೆ. ಬೆಂಗಳೂರಿನಲ್ಲಿ ಕೂತು ಇದನ್ನ ಪರೀಕ್ಷಿಸೋದು ಹೇಗೆ?
ರ‍್ಯಾಂಕಿಂಗ್ ಸ್ಕ್ರೀನ್‌ಶಾಟ್ ಪಕ್ಕಕ್ಕಿಡಿ. ‘ಹೊಖ್‌ಶೂಲ್‌ಕೊಂಪಾಸ್’ (Hochschulkompass) ತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ. ಜರ್ಮನಿಯ ಮಾನ್ಯತೆ ಪಡೆದ ವಿಶ್ವವಿದ್ಯಾಲಯಗಳ ಪಟ್ಟಿ ಅಲ್ಲಿದೆ. ಹೆಸರು ಸಿಗಲಿಲ್ವಾ? ಆಫರ್ ಲೆಟರ್‌ನಲ್ಲಿ ಡಿಗ್ರಿ ಕೊಡೋದು ಯಾರು ಅನ್ನೋ ಸಾಲು ಓದಿ. ಕ್ಯಾಂಪಸ್ ಬರ್ಲಿನ್‌ನಲ್ಲಿದ್ದು, ಡಿಗ್ರಿ ಬ್ರಿಟನ್ನಿನದಾಗಿರೋದೂ ಉಂಟು. ಎಡವೋದು ಹೆಚ್ಚಾಗಿ ಇಲ್ಲೇ.

ಆಮೇಲೆ ಫೀಸು ಹೋಲಿಸಿ ನೋಡಿ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುತೇಕ ಬೋಧನಾ ಶುಲ್ಕವೇ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1500 ಯೂರೋ. ಹೊಗಳ್ತಿರೋರು ಏಜೆಂಟ್ ಆಗಿದ್ರೆ ಕಮಿಷನ್ ಎಷ್ಟು ಅಂತ ನೇರವಾಗಿ ಕೇಳಿ, ಸಂಕೋಚ ಬೇಡ.

ನಿಮ್ಮ ಇಲ್ಲಿನ ಡಿಗ್ರಿಗೆ ಎಪಿಎಸ್ ಪ್ರಮಾಣಪತ್ರ, ಅಂದ್ರೆ ನಿಮ್ಮ ಶೈಕ್ಷಣಿಕ ದಾಖಲೆಗಳನ್ನ ಜರ್ಮನಿಗಾಗಿ ಪರಿಶೀಲಿಸಿ ಕೊಡೋ ಪತ್ರ, ಬೇಕು. 2022ರ ನವೆಂಬರ್‌ನಿಂದ ವಿದ್ಯಾರ್ಥಿ ವೀಸಾಕ್ಕೆ ಅದು ಕಡ್ಡಾಯ. ‘ಎಪಿಎಸ್ ಇಲ್ಲದೆ ಮಾಡಿಸ್ತೀವಿ’ ಅಂದವರಿಗೆ ಅಡ್ವಾನ್ಸ್ ಕೊಡಬೇಡಿ.