ವಾಷಿಂಗ್ಟನ್‌ನಲ್ಲಿ ಮನೆ ಹುಡುಕುವವರಿಗೆ ಓಟಿನ ವಿಷಯ

ಕೆಲಸಕ್ಕೆಂದು ವಾಷಿಂಗ್ಟನ್‌ಗೆ ಬರುತ್ತಿದ್ದೀರಿ. ಮನೆ ಊರೊಳಗೆ ಮಾಡಲಾ, ನದಿಯಾಚೆ ವರ್ಜೀನಿಯಾದಲ್ಲಿ ಮಾಡಲಾ ಅಂತ ಕೇಳಿದ್ದೀರಿ. ಇಲ್ಲಿನ ಕಾರುಗಳ ನಂಬರ್ ಪ್ಲೇಟ್ ಮೇಲೆ ‘ಪ್ರತಿನಿಧಿ ಇಲ್ಲದ ತೆರಿಗೆ ನಿಲ್ಲಿಸಿ’ ಅಂತ ಯಾಕೆ ಬರೆದಿರುತ್ತದೆ ಅಂತಲೂ ಕೇಳಿದ್ದೀರಿ. ಎರಡಕ್ಕೂ ನಂಟಿದೆ, ಅದಕ್ಕೇ ಒಟ್ಟಿಗೆ ಹೇಳುತ್ತೇನೆ.

ದೆಹಲಿಯವರು ಲೋಕಸಭೆಗೆ 7 ಜನರನ್ನು ಕಳಿಸುತ್ತಾರೆ, ಅಲ್ವಾ? ಇಲ್ಲಿ ಸುಮಾರು 7 ಲಕ್ಷ ಜನ ಇದ್ದಾರೆ. ಅಮೆರಿಕದ ಸಂಸತ್ತಿನಲ್ಲಿ ಮಸೂದೆಗೆ ಓಟು ಹಾಕಬಲ್ಲ ಒಬ್ಬ ಸದಸ್ಯನೂ ಇವರಿಗಿಲ್ಲ. ಕೆಳಮನೆಯಲ್ಲಿ ಒಬ್ಬ ಪ್ರತಿನಿಧಿ ಇದ್ದಾರೆ. ಮಾತಾಡಬಹುದು, ಸಮಿತಿಗಳಲ್ಲಿ ಓಟು ಹಾಕಬಹುದು, ಮಸೂದೆ ಕೊನೆಗೆ ಮತಕ್ಕೆ ಬಂದಾಗ ಸುಮ್ನೆ ಕೂರಬೇಕು. ಇದಕ್ಕಿಂತ ಕಡಿಮೆ ಜನ ಇರುವ ವಯೋಮಿಂಗ್ ರಾಜ್ಯಕ್ಕೆ ಮೇಲ್ಮನೆಯಾದ ಸೆನೆಟ್‌ನಲ್ಲಿ ಇಬ್ಬರು ಸದಸ್ಯರು. ತೆರಿಗೆ ಮಾತ್ರ ಎಲ್ಲರಂತೆ ಕಟ್ಟಬೇಕು.

1801ರಲ್ಲಿ ಸಂಸತ್ತು ರಾಜಧಾನಿಯನ್ನು ತನ್ನ ಕೈಗೆ ತೆಗೆದುಕೊಂಡಾಗ ಇಲ್ಲಿನವರ ಓಟು ಹೋಯಿತು. ನದಿಯಾಚೆ ಇರುವ ಇವತ್ತಿನ ಆರ್ಲಿಂಗ್ಟನ್ ಆಗ ರಾಜಧಾನಿಗೇ ಸೇರಿತ್ತು. 1846ರಲ್ಲಿ ನದಿಯಾಚೆಯ ಭಾಗ ವರ್ಜೀನಿಯಾಗೆ ವಾಪಸ್ ಹೋಗುವುದೆಂದು ತೀರ್ಮಾನವಾಯಿತು. ಅಲ್ಲಿನವರ ಓಟೂ ವಾಪಸ್ ಬಂತು. ಈಚೆ ದಡದವರಿಗೆ ಬರಲಿಲ್ಲ.

ಅಧ್ಯಕ್ಷರ ಚುನಾವಣೆಯಲ್ಲಿ ಓಟು ಸಿಕ್ಕಿದ್ದು 1961ರಲ್ಲಿ, ಸಂವಿಧಾನದ 23ನೇ ತಿದ್ದುಪಡಿಯಿಂದ. ಮೊದಲ ಸಲ ಹಾಕಿದ್ದು 1964ರಲ್ಲಿ. ಊರಿನ ಆಡಳಿತಕ್ಕೆ ಇನ್ನೂ ಕಾಯಬೇಕಾಯಿತು. 1874ರಿಂದ ಸುಮಾರು ನೂರು ವರ್ಷ ಇಲ್ಲಿನ ಆಡಳಿತಗಾರರನ್ನು ಅಧ್ಯಕ್ಷರೇ ನೇಮಿಸುತ್ತಿದ್ದರು.

ಇಷ್ಟು ತಡವಾಗಲು ದೊಡ್ಡ ಕಾರಣ ಬಣ್ಣ. 1960ರ ಹೊತ್ತಿಗೆ ಇಲ್ಲಿ ಕಪ್ಪು ಜನರೇ ಜಾಸ್ತಿ ಇದ್ದರು. ರಾಜಧಾನಿಯ ಮಸೂದೆಗಳೆಲ್ಲ ಹೋಗುತ್ತಿದ್ದ ಸಮಿತಿಗೆ ಸೌತ್ ಕ್ಯಾರೊಲೈನಾದ ಜಾನ್ ಮೆಕ್‌ಮಿಲನ್ ಅಧ್ಯಕ್ಷ. ಸ್ವಂತ ಆಡಳಿತ ಕೊಡುವ ಮಸೂದೆಗಳು ಅವರ ಸಮಿತಿ ದಾಟುತ್ತಲೇ ಇರಲಿಲ್ಲ. ಅವರನ್ನು ಸೋಲಿಸಲು ಇಲ್ಲಿನವರಿಗೆ ಓಟಿಲ್ಲ. ಆಗ ಇಲ್ಲಿನ ಪ್ರತಿನಿಧಿಯಾಗಿದ್ದ ಪಾದ್ರಿ ವಾಲ್ಟರ್ ಫಾಂಟ್ರಾಯ್ ಮತ್ತು ಜೊತೆಗಾರರು ಮೆಕ್‌ಮಿಲನ್ ಕ್ಷೇತ್ರಕ್ಕೇ ಹೋಗಿ ಕಪ್ಪು ಮತದಾರರನ್ನು ಒಗ್ಗೂಡಿಸಿದರು. 1972ರಲ್ಲಿ ಮೆಕ್‌ಮಿಲನ್ ತಮ್ಮ ಪಕ್ಷದ ಒಳಚುನಾವಣೆಯಲ್ಲೇ ಸೋತರು. ಮರುವರ್ಷವೇ ಸ್ವಂತ ಆಡಳಿತದ ಕಾನೂನು ಬಂತು, 1974ರಲ್ಲಿ ಊರಿನವರು ವಾಲ್ಟರ್ ವಾಷಿಂಗ್ಟನ್ ಅವರನ್ನು ಮೇಯರ್ ಆಗಿ ಆರಿಸಿದರು. ಈ ಊರಿನ ಬಗ್ಗೆ ನನಗೆ ಅಭಿಮಾನ ಬಂದಿದ್ದೇ ಇದನ್ನು ತಿಳಿದ ಮೇಲೆ.

ಆದರೂ ಇಲ್ಲಿನ ಕೌನ್ಸಿಲ್ (ನಗರಸಭೆ) ಮಾಡಿದ ಕಾನೂನನ್ನು ಸಂಸತ್ತು ಈಗಲೂ ತಳ್ಳಿಹಾಕಬಹುದು. 2023ರಲ್ಲಿ ಹಾಗೆ ಮಾಡಿತು ಕೂಡ. ಈ ಊರೂ ಒಂದು ರಾಜ್ಯ ಆಗಬೇಕೆಂದು 2016ರಲ್ಲಿ ಜನ ಭಾರಿ ಬಹುಮತದಿಂದ ಹೇಳಿದ್ದಾರೆ. ಕೆಳಮನೆ 2020 ಮತ್ತು 2021ರಲ್ಲಿ ಒಪ್ಪಿತು, ಸೆನೆಟ್‌ನಲ್ಲಿ ನಿಂತುಹೋಯಿತು.

ಈಗ ನಿಮ್ಮ ವಿಷಯ. 2022ರಲ್ಲಿ ಕೌನ್ಸಿಲ್ ಮಾಡಿದ ಕಾನೂನಿನಿಂದ, ಪೌರತ್ವ ಇಲ್ಲದವರೂ 30 ದಿನ ಇಲ್ಲಿ ವಾಸವಿದ್ದರೆ ಮೇಯರ್, ಕೌನ್ಸಿಲ್ ಚುನಾವಣೆಗಳಲ್ಲಿ ಓಟು ಹಾಕಬಹುದು. ಅಧ್ಯಕ್ಷರ ಚುನಾವಣೆ, ಸಂಸತ್ತಿನ ಪ್ರತಿನಿಧಿಯ ಚುನಾವಣೆಯಲ್ಲಿ ಖಂಡಿತ ಇಲ್ಲ. ಈ ಕಾನೂನನ್ನು ರದ್ದು ಮಾಡಿಸುವ ಪ್ರಯತ್ನ ಸಂಸತ್ತಿನಲ್ಲಿ ನಡೆದಿದೆ, ಆದ್ದರಿಂದ ಬಂದ ಮೇಲೆ ಚುನಾವಣಾ ಕಚೇರಿಯಲ್ಲಿ ವಿಚಾರಿಸಿ. ವೀಸಾ ವಕೀಲರನ್ನೂ ಮೊದಲೇ ಕೇಳಿ. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಅವಸರದಲ್ಲಿ ‘ನಾನು ಅಮೆರಿಕದ ಪ್ರಜೆ’ ಅನ್ನುವ ಚೌಕಕ್ಕೆ ಗುರುತು ಹಾಕಬೇಡಿ. ಅದರಿಂದ ಮುಂದೆ ಗ್ರೀನ್ ಕಾರ್ಡೇ ಕೈತಪ್ಪಬಹುದು.

ನನ್ನನ್ನು ಕೇಳಿದರೆ, ಊರೊಳಗೇ ಮನೆ ಮಾಡಿ. ಓಟಿನ ವಿಷಯ ಇತ್ಯರ್ಥ ಆಗುವವರೆಗೂ ಬಡಾವಣೆಯ ಸಲಹಾ ಸಮಿತಿ ಸಭೆಗೆ ಹೋಗಬಹುದು, ಯಾರನ್ನೂ ತಡೆಯುವುದಿಲ್ಲ. ಸುಮಾರು 2,000 ಜನರಿಗೆ ಒಬ್ಬರಂತೆ ಆರಿಸಿ ಬಂದವರು ಸಂಬಳ ಇಲ್ಲದೆ ಕೆಲಸ ಮಾಡುತ್ತಾರೆ. ನಿಮ್ಮ ಬೀದಿಯ ದೂರು ಏನಿದ್ದರೂ ಮೊದಲು ಅವರ ಹತ್ತಿರ ಹೇಳಿ.