ಗಾಲ್ಫ್ ಬ್ಯಾಕ್‌ಸ್ವಿಂಗ್‌ನಲ್ಲಿ, ಅಂದರೆ ಹೊಡೆಯುವ ಮುಂಚೆ ಕ್ಲಬ್ (ಗಾಲ್ಫ್ ಕೋಲು) ಹಿಂದಕ್ಕೆ ಎತ್ತುವಾಗ, ಕೈ ಬೆನ್ನ ಹಿಂದೆ ಹೋಗುತ್ತದೆ. ದಾವಣಗೆರೆಯಲ್ಲಿ ಮನೆ ಟೆರೇಸಿನ ಮೇಲೆಯೇ ಸರಿಪಡಿಸಿಕೊಳ್ಳಬಹುದಾ?

ಖಂಡಿತ, ಇದಕ್ಕೆ ಚೆಂಡೂ ಬೇಕಿಲ್ಲ. ನೀವು ಬಲಗೈ ಆಟಗಾರರು ಅಂದುಕೊಂಡು ಹೇಳುತ್ತೇನೆ.

ನಮ್ಮೂರ ಹೈಸ್ಕೂಲ್ ಮೈದಾನದಲ್ಲಿ ಕ್ರಿಕೆಟ್ ಆಡಿ ಬೆಳೆದವರಿಗೆ ಬ್ಯಾಟಿನ ಹಾಗೆ ಕ್ಲಬ್ಬನ್ನೂ ಬರೀ ಕೈಯಿಂದ ಎತ್ತುವ ಚಾಳಿ ಇರುತ್ತದೆ. ತೊಂದರೆ ಅಲ್ಲೇ. ಎದೆ ತಿರುಗಬೇಕು, ಕೈ ಅದರ ಜೊತೆಗೇ ಹೋಗಬೇಕು. ಕ್ಲಬ್ ಸೊಂಟದ ಎತ್ತರಕ್ಕೆ ಬಂದು ನೆಲಕ್ಕೆ ಸಮಾನಾಂತರ ಆದಾಗ ನಿಲ್ಲಿಸಿ ನೋಡಿ. ಕೈಗಳು ಇನ್ನೂ ಎದೆಯ ಮುಂದೆಯೇ ಇರಬೇಕು. ಕ್ಲಬ್ಬಿನ ತಲೆ ಕೈಗಿಂತ ಬೆನ್ನ ಕಡೆಗೆ ಸರಿದಿರಬಾರದು. ಅಲ್ಲಿಂದ ಮಣಿಕಟ್ಟು ಮಡಚುತ್ತಾ ಮೇಲೆ ಹೋಗಿ.

ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಭುಜ ಸುಮಾರು 90 ಡಿಗ್ರಿ, ಸೊಂಟ 45 ಡಿಗ್ರಿ ತಿರುಗಿದರೆ ಸಾಕು. ಅಷ್ಟು ಬರದಿದ್ದರೆ ಸುಮ್ನೆ ಬೆನ್ನು ಹಿಂಡಬೇಡಿ. ಬಲಮಂಡಿಯ ಬಾಗು ಮಾತ್ರ ಹಾಗೇ ಉಳಿಯಲಿ. ಎಡಗೈ ನೇರ ಇರಲಿ, ಬಿಗಿ ಬೇಡ.

ಪರೀಕ್ಷೆಗೆ ಟೆರೇಸಿನ ಗೋಡೆಗೆ ಬೆನ್ನು ಮಾಡಿ, ಸುಮಾರು ಒಂದು ಅಡಿ ಬಿಟ್ಟು ನಿಂತು ನಿಧಾನಕ್ಕೆ ಎತ್ತಿ. ಶುರುವಿನಲ್ಲೇ ಕ್ಲಬ್ ಗೋಡೆಗೆ ತಾಗಿದರೆ ಕೈ ಇನ್ನೂ ಹಿಂದೆ ಎಳೆಯುತ್ತಿದೆ ಎಂದೇ ಲೆಕ್ಕ.